ವೆಂಟಿಲೇಟರ್ ಮೇಲಿರುವ ಕೂಸು ಮನೆಗೆ ಬರ್ತಿದೆ: ಮಲೆನಾಡು, ಮಳೆಗಾಲ, ಕರೆಂಟು

ಕೊಪ್ಪ_ರಸ್ತೆ
ನಮಸ್ಕಾರ. ಮಗುವಿಗೆ 9 ತಿಂಗಳು, ತೂಕ 6.5 ಕೆಜಿ, ಎಸ್‌ಎಂಎ ಟೈಪ್ 1 (ಸ್ನಾಯುಗಳು ಬಲ ಕಳೆದುಕೊಳ್ಳುವ ವಂಶವಾಹಿ ಕಾಯಿಲೆ). ಟ್ರೇಕಿಯಾಸ್ಟಮಿ ಆಗಿದೆ, ಅಂದರೆ ಕುತ್ತಿಗೆಯಲ್ಲಿ ತೂತು ಮಾಡಿ ಉಸಿರಿಗೆ ಟ್ಯೂಬು ಹಾಕಿದಾರೆ. ಟ್ಯೂಬ್ 3.5 ಸೈಜು, ಕಫ್ (ಸುತ್ತ ಉಬ್ಬುವ ಬಲೂನು) ಇಲ್ಲದ್ದು. ಇಪ್ಪತ್ತನಾಲ್ಕು ಗಂಟೆಯೂ ವೆಂಟಿಲೇಟರ್, ಜೊತೆಗೆ ಅರ್ಧ ಲೀಟರ್ ಆಕ್ಸಿಜನ್. ಇನ್ನು ಹತ್ತು ದಿನಕ್ಕೆ ಡಿಸ್ಚಾರ್ಜ್. ಮನೆ ಇರೋದು ತೀರ್ಥಹಳ್ಳಿಗೂ ಕೊಪ್ಪಕ್ಕೂ ನಡುವಿನ ಹಳ್ಳಿಯಲ್ಲಿ. ಮಳೆ ಹಿಡಿದರೆ ಕರೆಂಟು ಒಂದೊಂದು ಸಲ ಎರಡು ದಿನ ಇರಲ್ಲ. ಆಸ್ಪತ್ರೆಯವರು ಸಾಮಾನಿನ ಪಟ್ಟಿ ಕೊಟ್ಟಿದಾರೆ. ಪಟ್ಟಿಯಲ್ಲಿ ಬರೆಯದೇ ಇರೋದು, ಅಂದರೆ ಏನು ಕೈಕೊಡುತ್ತೆ, ಯಾಕೆ ಕೈಕೊಡುತ್ತೆ, ಅದನ್ನ ತಿಳಿದವರು ಹೇಳಿ.

ಪಿಐಸಿಯು_ರಾತ್ರಿಪಾಳಿ
ಎಲ್ಲಕ್ಕಿಂತ ಮೊದಲು ಒಂದು ಮಾತು. ಅಲಾರಂ ಕೂಗ್ತಿಲ್ಲ ಅಂದ ಮಾತ್ರಕ್ಕೆ ಮಗು ಸರಿಯಾಗಿದೆ ಅಂತ ಅಲ್ಲ.

3.0, 3.5ರಂಥ ಸಣ್ಣ ಟ್ಯೂಬುಗಳಲ್ಲಿ ಒಂದು ಮೋಸ ಇದೆ. ಟ್ಯೂಬು ಕುತ್ತಿಗೆಯಿಂದ ಪೂರ್ತಿ ಜಾರಿ ಪಕ್ಕದಲ್ಲಿ ಬಿದ್ದಿದ್ದರೂ ಸರ್ಕ್ಯೂಟು (ಯಂತ್ರದಿಂದ ಬರುವ ಪೈಪು) ಅದಕ್ಕೆ ಸಿಕ್ಕಿಕೊಂಡೇ ಇರುತ್ತೆ. ಅಷ್ಟು ಕಿರಿದಾದ ತೂತಿನಲ್ಲಿ ಗಾಳಿ ನುಗ್ಗಿಸೋಕೆ ಒತ್ತಡ ಬೇಕು. ಯಂತ್ರಕ್ಕೆ ಆ ಒತ್ತಡ ಸಿಗ್ತಾ ಇರೋದರಿಂದ ಶ್ವಾಸಕೋಶಕ್ಕೇ ಗಾಳಿ ಹೋಗ್ತಿದೆ ಅಂತ ಅದು ತಿಳಿಯುತ್ತೆ. ಲೋ ಪ್ರೆಶರ್ ಅಲಾರಂ ಬಾಯಿ ಬಿಡಲ್ಲ.

ಇದನ್ನ ಮನೆಗೆ ಬರುವ ಯಂತ್ರದಲ್ಲೇ ಪರೀಕ್ಷೆ ಮಾಡಿಸಿ. ಮಗು ಇನ್ನೂ ಆಸ್ಪತ್ರೆಯ ಯಂತ್ರದ ಮೇಲಿರುವಾಗಲೇ ಮಾಡಿ. ಮನೆಯ ಯಂತ್ರಕ್ಕೆ ಮಗುವಿನ ಸೆಟ್ಟಿಂಗ್ ಹಾಕಿ, ಸರ್ಕ್ಯೂಟಿನ ತುದಿಗೆ ಹೊಸ 3.5 ಟ್ಯೂಬು ಸಿಕ್ಕಿಸಿ, ಗಾಳಿಯಲ್ಲಿ ಹಾಗೇ ಹಿಡಿದು ಎಣಿಸ್ತಾ ಹೋಗಿ. ಎಷ್ಟನೇ ಸೆಕೆಂಡಿಗೆ ಕೂಗಿತು ನೋಡಿ. ಕೂಗಲೇ ಇಲ್ಲ ಅಂದರೆ ಲೋ ಪ್ರೆಶರ್, ಲೋ ಮಿನಿಟ್ ವಾಲ್ಯೂಮ್, ಸರ್ಕ್ಯೂಟ್ ಡಿಸ್‌ಕನೆಕ್ಟ್, ಈ ಮೂರು ಮಿತಿಯನ್ನೂ ಆರ್‌ಟಿ (ವೆಂಟಿಲೇಟರ್ ನೋಡಿಕೊಳ್ಳುವ ರೆಸ್ಪಿರೇಟರಿ ಥೆರಪಿಸ್ಟ್) ಕೈಯಲ್ಲಿ ಬಿಗಿ ಮಾಡಿಸಿ ಮತ್ತೆ ಪರೀಕ್ಷಿಸಿ. ಮನೆಯಲ್ಲಿ ನೀವಾಗೇ ಮಿತಿ ಬದಲಿಸಬೇಡಿ.

ಇಷ್ಟಾದ ಮೇಲೂ ಪಲ್ಸ್ ಆಕ್ಸಿಮೀಟರ್ ಕಾಲಿಗೆ ಸುತ್ತಿಯೇ ಇರಬೇಕು. ಬೆರಳಿಗೆ ಕಚ್ಚಿಸುವ ದೊಡ್ಡವರದ್ದು ಅಲ್ಲ, ಶಿಶುಗಳ ಸುತ್ತುವ ಪ್ರೋಬ್ ಇರುವ, ಅಲಾರಂ ಇರುವ ಮಾನಿಟರ್. ನಾಲ್ಕು ಗಂಟೆಗೊಮ್ಮೆ ಕಾಲು ಬದಲಿಸಿ, ಇಲ್ಲದಿದ್ದರೆ ಚರ್ಮ ಸುಡುತ್ತೆ. ಅಮೆರಿಕನ್ ಥೊರಾಸಿಕ್ ಸೊಸೈಟಿಯ 2016ರ ಮಾರ್ಗಸೂಚಿಯೂ ವೆಂಟಿಲೇಟರ್ ಅಲಾರಂ ಒಂದನ್ನೇ ನಂಬದೆ ಆಕ್ಸಿಮೀಟರ್ ಇರಲಿ ಅನ್ನುತ್ತೆ. ಮನೆಯವರಲ್ಲಿ ಕನಿಷ್ಠ ಇಬ್ಬರು ಪೂರ್ತಿ ಕಲಿತಿರಬೇಕು, ಮಗುವಿನ ಹತ್ತಿರ ಕಲಿತವರೊಬ್ಬರು ಯಾವಾಗಲೂ ಎಚ್ಚರವಾಗಿರಬೇಕು ಅಂತಲೂ ಅದರಲ್ಲಿದೆ. ರಾತ್ರಿಪಾಳಿ ಯಾರದ್ದು ಅನ್ನೋದನ್ನ ಡಿಸ್ಚಾರ್ಜಿಗೆ ಮುಂಚೆ ಕಾಗದದ ಮೇಲೆ ಬರೆದಿಡಿ.

ಕೊಪ್ಪ_ರಸ್ತೆ
ಮೇಡಂ, ಈ ಪರೀಕ್ಷೆ ಬಗ್ಗೆ ಯಾರೂ ಹೇಳಿರಲಿಲ್ಲ. ಎಸ್‌ಎಂಎ ಮಗು ಕೈ ಎತ್ತಿ ಎಳೆಯಲ್ಲವಲ್ಲ, ಟ್ಯೂಬು ತಾನಾಗೇ ಹೇಗೆ ಬರುತ್ತೆ?

ಪಿಐಸಿಯು_ರಾತ್ರಿಪಾಳಿ
ಮಗು ಎಳೆಯಲ್ಲ, ಸರ್ಕ್ಯೂಟು ಎಳೆಯುತ್ತೆ. ಮಗ್ಗುಲು ಬದಲಿಸುವಾಗ, ಎತ್ತಿಕೊಳ್ಳುವಾಗ, ಬಟ್ಟೆ ಬದಲಿಸುವಾಗ ಪೈಪಿನ ಭಾರ ಒಂದು ಕಡೆ ಬೀಳುತ್ತೆ. ಅದರ ಮೇಲೆ ಟ್ಯೂಬನ್ನ ಕುತ್ತಿಗೆಗೆ ಕಟ್ಟುವ ಪಟ್ಟಿ ಸಡಿಲ ಇದ್ದರೆ ಮುಗಿಯಿತು. ಮಗುವನ್ನ ಅಲುಗಿಸುವ ಮುಂಚೆ ಪೈಪನ್ನ ಒಂದು ಕೈಯಲ್ಲಿ ಹಿಡಿದಿರಬೇಕು. ತಲೆ ಮುಂದಕ್ಕೆ ಬಾಗಿಸಿದಾಗ ಪಟ್ಟಿಯ ಕೆಳಗೆ ನಿಮ್ಮ ಒಂದೇ ಬೆರಳು ಹೋಗಬೇಕು, ಎರಡು ಹೋದರೆ ಸಡಿಲ. ಮಲಗಿಸಿ ತಲೆ ಹಿಂದಕ್ಕೆ ಚಾಚಿದಾಗ ಅಳೆದರೆ ಬಿಗಿಯಾಗಿಯೇ ಇದೆ ಅನ್ನಿಸುತ್ತೆ, ಆಮೇಲೆ ಸಡಿಲ ಬೀಳುತ್ತೆ. ವೆಲ್ಕ್ರೋ ಪಟ್ಟಿಗೆ ಎಣ್ಣೆ, ನೂಲಿನ ಎಳೆ ಮೆತ್ತಿಕೊಂಡರೆ ಹಿಡಿತ ಹೋಗುತ್ತೆ. ಅದನ್ನ ಒಗೆದು ಒಗೆದು ಬಳಸೋದು ಉಳಿತಾಯ ಅಲ್ಲ.

ಶಿವಮೊಗ್ಗ_ಇನ್ವರ್ಟರ್
ಕರೆಂಟಿನ ಲೆಕ್ಕ ನಾನು ಹೇಳ್ತೀನಿ. ಅಂಗಡಿಯವರು ‘ಎಂಟು ಗಂಟೆ ಬರುತ್ತೆ ಸರ್’ ಅಂತಾರೆ, ನಂಬಬೇಡಿ.

ಒಂದು 150 ಎಎಚ್ ಟ್ಯೂಬುಲರ್ ಬ್ಯಾಟರಿ ಅಂದರೆ 12 × 150 = 1800 ವ್ಯಾಟ್-ಅವರ್. ಬ್ಯಾಟರಿ ಬಾಳಬೇಕು ಅಂದರೆ ಅದರಲ್ಲಿ ಅರ್ಧ ಮಾತ್ರ ತೆಗೀಬೇಕು, 900. ಇನ್ವರ್ಟರ್ ತಾನೇ ಒಂದೈದನೇ ಭಾಗ ತಿನ್ನುತ್ತೆ. ಕೈಗೆ ಬರೋದು ಸುಮಾರು 720.

ಇನ್ನು ಖರ್ಚು. ವೆಂಟಿಲೇಟರ್ ಸುಮಾರು 60 ವ್ಯಾಟ್, ಮಾನಿಟರ್ 10, ಗಾಳಿಯನ್ನ ಬಿಸಿ ಮಾಡಿ ತೇವ ಕೊಡುವ ಹ್ಯುಮಿಡಿಫೈಯರ್ ಸುಮಾರು 100, ಐದು ಲೀಟರಿನ ಆಕ್ಸಿಜನ್ ಕಾನ್ಸಂಟ್ರೇಟರ್ (ಗಾಳಿಯಿಂದ ಆಕ್ಸಿಜನ್ ತೆಗೆಯುವ ಯಂತ್ರ) ಸುಮಾರು 350. ಎಲ್ಲಾ ಸೇರಿದರೆ 520, ಒಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಬ್ಯಾಟರಿ ಖಾಲಿ. ಕಾನ್ಸಂಟ್ರೇಟರ್ ತೆಗೆದರೆ ನಾಲ್ಕು ಗಂಟೆ. ಹ್ಯುಮಿಡಿಫೈಯರನ್ನೂ ತೆಗೆದರೆ ಹತ್ತು ಗಂಟೆ. ನಿಮ್ಮ ಯಂತ್ರಗಳ ಹಿಂದಿನ ಚೀಟಿಯಲ್ಲಿರುವ ವ್ಯಾಟ್ ಹಾಕಿ ನೀವೇ ಲೆಕ್ಕ ಮಾಡಿ ಗೋಡೆಗೆ ಅಂಟಿಸಿ.

ಹಾಗಾಗಿ ಕರೆಂಟು ಹೋದಾಗ ಮಾಡೋ ಮೊದಲ ಕೆಲಸ ಕಾನ್ಸಂಟ್ರೇಟರ್ ಆರಿಸಿ ಸಿಲಿಂಡರಿಗೆ ಬರೋದು. ಕಾನ್ಸಂಟ್ರೇಟರನ್ನ ಇನ್ವರ್ಟರ್ ಲೈನಿಗೆ ಕೊಡಲೇಬೇಡಿ, ಬೇರೆ 15 ಆಂಪ್ ಪ್ಲಗ್ಗಿಗೆ ಕೊಡಿ. ಆಗ ಮರೆತರೂ ಬ್ಯಾಟರಿ ಉಳಿಯುತ್ತೆ.

ಇನ್ವರ್ಟರ್ ಪ್ಯೂರ್ ಸೈನ್ ವೇವ್ ಇರಲಿ, ಸ್ಕ್ವೇರ್ ವೇವ್ ಬೇಡ. ಹಿಂದೆ ಒಂದು ಸ್ವಿಚ್ ಇರುತ್ತೆ, ಅದನ್ನ ಯುಪಿಎಸ್ ಮೋಡಿಗೆ ಹಾಕಿ. ಒಂದು ಮಾತು ಮರೀತಾರೆ: ಎರಡು ದಿನ ಕರೆಂಟಿಲ್ಲ ಅಂದಮೇಲೆ ಇನ್ವರ್ಟರ್ ಬ್ಯಾಟರಿಯನ್ನ ಚಾರ್ಜ್ ಮಾಡೋದು ಯಾರು? ಜನರೇಟರ್ ಬೇಕೇ ಬೇಕು. ಅದು ಅಂಗಳದಲ್ಲಿರಲಿ, ಜಗಲಿ ಮೇಲೂ ಬೇಡ, ಕೊಟ್ಟಿಗೆಯಲ್ಲೂ ಬೇಡ. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ. ಸಣ್ಣ ಜನರೇಟರಿನ ವೋಲ್ಟೇಜ್ ಕುಣಿಯುತ್ತೆ, ನೇರ ವೆಂಟಿಲೇಟರಿಗೆ ಕೊಡದೆ ಇನ್ವರ್ಟರ್ ಚಾರ್ಜಿಗೆ ಬಳಸಿ.

ಮೆಸ್ಕಾಂ ಸೆಕ್ಷನ್ ಆಫೀಸಿಗೆ ಡಾಕ್ಟರ್ ಚೀಟಿ ಲಗತ್ತಿಸಿ ಅರ್ಜಿ ಕೊಡಿ, ಲೈನ್‌ಮನ್ ನಂಬರು ಇಟ್ಕೊಳ್ಳಿ, 1912ಕ್ಕೂ ಹೇಳಿಡಿ. ಮರ ಬಿದ್ದಾಗ ಬೇಗ ಬರ್ತಾರೆ ಅನ್ನೋ ಭರವಸೆಗಲ್ಲ, ಅವರೇ ಲೈನ್ ತೆಗೆಯುವ ದಿನ ಮುಂಚೆ ತಿಳಿಯಲಿ ಅಂತ.

ಆರ್‌ಟಿ_ಕರಾವಳಿ
ಇನ್ವರ್ಟರ್ ಅಣ್ಣ ಹ್ಯುಮಿಡಿಫೈಯರ್ ತೆಗೀರಿ ಅಂದರು, ಅದಕ್ಕೆ ಬಾಲ ಸೇರಿಸ್ತೀನಿ. ತೆಗೆದಾಗ ಬರೀ ಒಣಗಾಳಿ ಬಿಡಬೇಡಿ. ಟ್ಯೂಬಿನ ಬಾಯಿಗೆ ಎಚ್‌ಎಂಇ ಹಾಕಿ. ಅದು ಉಸಿರು ಬಿಡುವಾಗಿನ ತೇವ ಹಿಡಿದಿಟ್ಟು ಮುಂದಿನ ಉಸಿರಿಗೆ ಕೊಡುವ ಫಿಲ್ಟರ್. ಇಲ್ಲಿ ನಾಲ್ಕು ತಪ್ಪು ಪದೇ ಪದೇ ಆಗುತ್ತೆ.

ಮೊದಲನೇದು ಸೈಜು. 6.5 ಕೆಜಿ ಮಗುವಿನ ಒಂದು ಉಸಿರು ಕೆಜಿಗೆ 6–8 ಎಂಎಲ್ ಲೆಕ್ಕದಲ್ಲಿ 40–50 ಎಂಎಲ್. ದೊಡ್ಡವರ ಎಚ್‌ಎಂಇ ಒಳಗಿನ ಖಾಲಿ ಜಾಗವೇ ಅಷ್ಟಿರಬಹುದು. ಹಾಕಿದರೆ ಮಗು ತಾನು ಬಿಟ್ಟ ಗಾಳಿಯನ್ನೇ ಮತ್ತೆ ಎಳೆಯುತ್ತೆ. ಮಕ್ಕಳದ್ದೇ ತರಿಸಿ, ಪ್ಯಾಕೆಟ್ ಮೇಲೆ ಡೆಡ್ ಸ್ಪೇಸ್ ಎಷ್ಟು ಅಂತ ಓದಿ.

ಎರಡನೇದು, ಬಿಸಿ ಹ್ಯುಮಿಡಿಫೈಯರ್ ಮತ್ತು ಎಚ್‌ಎಂಇ ಎರಡನ್ನೂ ಒಟ್ಟಿಗೆ ಹಾಕೋದು. ಎಚ್‌ಎಂಇ ನೆಂದು ಸ್ಪಂಜಿನ ಹಾಗಾಗುತ್ತೆ, ಗಾಳಿ ದಾಟಲ್ಲ, ಹೈ ಪ್ರೆಶರ್ ಅಲಾರಂ ಹೊಡೆಯುತ್ತೆ. ಕರೆಂಟು ಬಂದ ಖುಷಿಯಲ್ಲಿ ಹ್ಯುಮಿಡಿಫೈಯರ್ ಹಾಕಿ ಎಚ್‌ಎಂಇ ತೆಗೆಯೋಕೆ ಮರೀತಾರೆ.

ಮೂರನೇದು ಲೀಕ್ ಪೋರ್ಟಿನ (ಬಿಟ್ಟ ಉಸಿರು ಹೊರಹೋಗುವ ಸಣ್ಣ ತೂತಿನ) ಜಾಗ. ಒಂಟಿ ಪೈಪಿನ ಪ್ಯಾಸಿವ್ ಸರ್ಕ್ಯೂಟ್ ಆದರೆ ಎಚ್‌ಎಂಇ ಮಗುವಿಗೂ ಲೀಕ್ ಪೋರ್ಟಿಗೂ ನಡುವೆ ಬರಬೇಕು. ಆಚೆಗೆ ಹಾಕಿದರೆ ಬಿಟ್ಟ ಉಸಿರೆಲ್ಲ ಪೋರ್ಟಿನಲ್ಲೇ ಹೋಗಿ ಎಚ್‌ಎಂಇ ಒಣಗಿಯೇ ಇರುತ್ತೆ. ಆ ಪೋರ್ಟಿನ ಮೇಲೆ ಕಂಬಳಿ ಮುಚ್ಚಬಾರದು, ಟೇಪ್ ಅಂಟಿಸಬಾರದು. ‘ಸುಯ್ ಅಂತ ಗಾಳಿ ಸೋರ್ತಿದೆ’ ಅಂತ ಅಜ್ಜಿ ಬಟ್ಟೆ ತುರುಕೋದನ್ನ ಮುಂಚೆಯೇ ಹೇಳಿ ತಡೀರಿ. ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗೋ ದಾರಿಯೇ ಅದು.

ನಾಲ್ಕನೇದು ನೀರು. ಹ್ಯುಮಿಡಿಫೈಯರಿಗೆ ಆಸ್ಪತ್ರೆಯ ಸ್ಟೆರೈಲ್ ವಾಟರ್. ಸಲೈನ್ ಹಾಕಿದರೆ ಉಪ್ಪು ಕಟ್ಟುತ್ತೆ. ಫಿಲ್ಟರ್ ನೀರು ಕ್ರಿಮಿರಹಿತ ಅಲ್ಲ. ಇನ್ವರ್ಟರಿಗೆ ಅಂತ ತರುವ ಬ್ಯಾಟರಿ ನೀರಿನ ಕ್ಯಾನು ಈ ಕೋಣೆಯ ಹತ್ತಿರವೂ ಬರಬಾರದು, ಎರಡೂ ಒಂದೇ ಥರ ಕಾಣುತ್ತೆ. ಹ್ಯುಮಿಡಿಫೈಯರ್ ಮಗುವಿಗಿಂತ ಕೆಳಗಿರಲಿ. ಮಲೆನಾಡಿನ ಚಳಿಗೆ ಪೈಪಿನಲ್ಲಿ ನೀರು ಕಟ್ಟುತ್ತೆ. ಮಗ್ಗುಲು ಬದಲಿಸುವ ಮುಂಚೆ ಆ ನೀರನ್ನ ವಾಟರ್ ಟ್ರ್ಯಾಪಿಗೆ ಇಳಿಸಿ ಚೆಲ್ಲಿ, ಇಲ್ಲದಿದ್ದರೆ ಅದು ನೇರ ಎದೆಗೆ ಇಳಿಯುತ್ತೆ.

ಇನ್ನು ಯಂತ್ರ. ಬಾಡಿಗೆಗೆ ಯಾವುದು ಕೊಟ್ಟರೂ ತೊಗೋಬೇಡಿ, ಎಷ್ಟು ತೂಕದಿಂದ ಮೇಲಿನವರಿಗೆ ಅಂತ ಕೇಳಿ. ಫಿಲಿಪ್ಸ್ ಕಂಪನಿಯ ಟ್ರೈಲಜಿ 100 ವೆಂಟಿಲೇಟರ್ ಐದು ಕೆಜಿಯಿಂದ ಮೇಲೆ, ಟ್ರೈಲಜಿ ಇವೋ ಎರಡೂವರೆ ಕೆಜಿಯಿಂದ ಮೇಲೆ. ಟ್ರೈಲಜಿ 100ರಲ್ಲಿ ಒಳಗಿನ ಬ್ಯಾಟರಿ ಸುಮಾರು 3 ಗಂಟೆ, ಬಿಚ್ಚಿ ಹಾಕುವ ಬ್ಯಾಟರಿ ಇನ್ನೊಂದು 3 ಗಂಟೆ, ಅದೂ ಹೊಸದಿದ್ದಾಗ. ಹಳೇ ಬ್ಯಾಟರಿ ಎಷ್ಟು ಬಾಳುತ್ತೆ ಅಂತ ಮಗುವಿಗೆ ಹಾಕುವ ಮುಂಚೆ ಓಡಿಸಿ ನೋಡಿ. 2021ರ ಜೂನ್‌ನಲ್ಲಿ ಫಿಲಿಪ್ಸ್ ಒಳಗಿನ ಫೋಮ್ ಪುಡಿಯಾಗುತ್ತೆ ಅಂತ ವಾಪಸ್ ಕರೆದ ಯಂತ್ರಗಳಲ್ಲಿ ಟ್ರೈಲಜಿ 100 ಕೂಡ ಇತ್ತು. ಸೆಕೆಂಡ್‌ಹ್ಯಾಂಡ್ ತೊಗೊಳ್ಳೋರು ಸೀರಿಯಲ್ ನಂಬರ್ ಹಿಡಿದು ಫೋಮ್ ಬದಲಾಗಿದೆಯಾ ಅಂತ ಬರಹದಲ್ಲಿ ಕೇಳಿ.

ಕೊಪ್ಪ_ರಸ್ತೆ
ಸಿಲಿಂಡರ್ ಎಷ್ಟು ಹೊತ್ತು ಬರುತ್ತೆ ಅಂತ ಹೇಗೆ ತಿಳಿಯೋದು ಸರ್?

ಆರ್‌ಟಿ_ಕರಾವಳಿ
ಬಿ ಟೈಪ್ ಸಿಲಿಂಡರಿನ ನೀರಿನ ಅಳತೆ 10 ಲೀಟರ್. ಗೇಜಿನಲ್ಲಿ ಕಾಣುವ ಅಂಕಿಗೆ (ಬಾರ್ ಅಥವಾ ಕೆಜಿ/ಸೆಂ.ಮೀ² ಇರುವ ಸಾಲು) 10 ಗುಣಿಸಿ. 150 ತೋರಿಸಿದರೆ 1500 ಲೀಟರ್. ನಿಮಿಷಕ್ಕೆ ಅರ್ಧ ಲೀಟರ್ ಅಂದರೆ 3000 ನಿಮಿಷ, 50 ಗಂಟೆ. ಗೇಜು 50ಕ್ಕೆ ಇಳಿದಾಗ ಖಾಲಿ ಅಂತಲೇ ಲೆಕ್ಕ ಹಿಡಿದು ಇನ್ನೊಂದು ತರಿಸಿ. ಸಿಲಿಂಡರಿನ ಕೀಯನ್ನ ಅದರ ಕುತ್ತಿಗೆಗೇ ದಾರದಲ್ಲಿ ಕಟ್ಟಿ. ವಾಲ್ವ್ ಬಿಗಿ ಇದೆ ಅಂತ ಕೊಬ್ಬರಿ ಎಣ್ಣೆ ಹಚ್ಚೋರಿದಾರೆ. ಎಣ್ಣೆ, ಗ್ರೀಸು ಯಾವುದೂ ಆಕ್ಸಿಜನ್ ಹತ್ತಿರ ಬರಬಾರದು, ಹೊತ್ತಿಕೊಳ್ಳುತ್ತೆ.

ಹಗಲುರಾತ್ರಿ_ಆರೈಕೆ
ಸಕ್ಷನ್, ಅಂದರೆ ಟ್ಯೂಬಿನೊಳಗಿನ ಕಫ ಎಳೆದು ತೆಗೆಯೋದರ ಬಗ್ಗೆ. 3.5 ಟ್ಯೂಬಿಗೆ 6 ಅಥವಾ 7 ಫ್ರೆಂಚ್ (ಸೈಜಿನ ಅಳತೆ) ಕ್ಯಾತಿಟರ್, ಅಂದರೆ ಕಫ ಎಳೆಯುವ ತೆಳು ಪೈಪು. (ಟ್ಯೂಬಿನ ಸೈಜನ್ನ ಎರಡರಿಂದ ಗುಣಿಸಿದರೆ ಸರಿಸುಮಾರು ಸಿಗುತ್ತೆ.) ಒತ್ತಡ 80ರಿಂದ 100 ಎಂಎಂ ಎಚ್‌ಜಿ. ಪೈಪನ್ನ ಬೆರಳಲ್ಲಿ ಮಡಿಚಿ ಹಿಡಿದಾಗ ಗೇಜು ತೋರಿಸೋದೇ ನಿಜವಾದ ಒತ್ತಡ. ಬಿಟ್ಟಾಗಿನದ್ದು ನೋಡಬೇಡಿ.

ಆಳ ಎಷ್ಟು ಅನ್ನೋದೇ ಮುಖ್ಯ. ಒಂದು ಹೊಸ ಟ್ಯೂಬು ಕೈಯಲ್ಲಿ ಹಿಡಿದು, ಕ್ಯಾತಿಟರನ್ನ ಅದರೊಳಗೆ ಇಳಿಸಿ, ತುದಿಯ ಪಕ್ಕದ ತೂತುಗಳು ಟ್ಯೂಬಿನ ಬಾಯಿಂದ ಅಷ್ಟೇ ಹೊರಗೆ, ಅರ್ಧ ಸೆಂಟಿಮೀಟರು, ಕಾಣೋ ಜಾಗದಲ್ಲಿ ನಿಲ್ಲಿಸಿ. ಮೇಲಿನ ತುದಿಯಲ್ಲಿ ಅಂಕಿ ನೋಡಿ ಸ್ಕೆಚ್ ಪೆನ್ನಲ್ಲಿ ಬರೆದು ತೊಟ್ಟಿಲಿಗೆ ತೂಗುಹಾಕಿ. ಪ್ರತಿ ಸಲ ಅಷ್ಟೇ. ‘ತಡೆಯೋವರೆಗೂ ಹಾಕಿ’ ಅಂತ ಯಾರಾದರೂ ಕಲಿಸಿದ್ದರೆ ಮರೆತುಬಿಡಿ. ತಡೆಯೋದು ಶ್ವಾಸನಾಳದ ಗೋಡೆ, ದಿನಕ್ಕೆ ಇಪ್ಪತ್ತು ಸಲ ಅಲ್ಲೇ ಕುಟ್ಟಿದರೆ ಹುಣ್ಣಾಗಿ ಕಫದಲ್ಲಿ ರಕ್ತದ ಗೆರೆ ಬರುತ್ತೆ.

ಕೈ ತೊಳೆದು, ಅಂಕಿಯವರೆಗೆ ಇಳಿಸಿ, ಬೆರಳುಗಳ ನಡುವೆ ಉರುಳಿಸ್ತಾ ಹೊರಗೆ ಎಳೆಯಿರಿ. ಒಳಗೆ ಹೋಗಿ ಹೊರಗೆ ಬರೋವಷ್ಟರಲ್ಲಿ ಐದು ಸೆಕೆಂಡು ದಾಟಬಾರದು. ಮತ್ತೆ ವೆಂಟಿಲೇಟರಿಗೆ ಹಾಕಿ, ಸ್ಯಾಚುರೇಶನ್ (ರಕ್ತದಲ್ಲಿನ ಆಕ್ಸಿಜನ್ ಮಟ್ಟ) ಮೇಲೆ ಬರಲಿ, ಆಮೇಲೆ ಇನ್ನೊಂದು ಸಲ.

ಗಡಿಯಾರ ನೋಡಿ ಸಕ್ಷನ್ ಮಾಡಬೇಡಿ. ಗೊರಗೊರ ಸದ್ದು, ಎದೆಗೂಡು ಒಳಗೆ ಸೆಳೆಯೋದು, ಯಂತ್ರದಲ್ಲಿ ಒತ್ತಡ ಏರೋದು, ಹಾರ್ಟ್‌ರೇಟ್ ಏರೋದು, ಇವು ಮುಂಚೆ ಕಾಣುತ್ತವೆ. ಸ್ಯಾಚುರೇಶನ್ ಇಳಿಯೋದು ಕೊನೆಗೆ.

ಪಿಐಸಿಯು_ರಾತ್ರಿಪಾಳಿ
ಅಕ್ಕ ಹೇಳಿದ್ದಕ್ಕೆ ಎರಡು ಮಾತು. ಪ್ರತಿ ಸಕ್ಷನ್ನಿಗೂ ಸಲೈನ್ ಬಿಡುವ ರೂಢಿ ಬೇಡ. ಕಫ ಗಟ್ಟಿಯಾಗಿದ್ದರೆ ತಪ್ಪು ಇರೋದು ಹ್ಯುಮಿಡಿಫೈಯರಿನಲ್ಲಿ ಅಥವಾ ಮಗುವಿಗೆ ಹೋಗುವ ನೀರಿನಲ್ಲಿ, ಅದನ್ನ ಸರಿಮಾಡಿ. ಇನ್ನೊಂದು, ಎಸ್‌ಎಂಎ ಮಗುವಿಗೆ ಕೆಮ್ಮುವ ಬಲ ಇಲ್ಲ, ಸಕ್ಷನ್ ತೆಗೆಯೋದು ಟ್ಯೂಬಿನ ತುದಿಯವರೆಗಿನದನ್ನ ಮಾತ್ರ. ಆಳದ್ದು ಮೇಲೆ ಬರೋಕೆ ಮಗುವಿನ ಬದಲು ಕೆಮ್ಮಿಸುವ ಕಾಫ್ ಅಸಿಸ್ಟ್ ಯಂತ್ರ ಬೇಕು. ಡಾಕ್ಟರ್ ಬರೆದ ಒತ್ತಡದಲ್ಲಿ ಐದು ಉಸಿರು, ಸಕ್ಷನ್, ವಿಶ್ರಾಂತಿ, ಮತ್ತೆ ಐದು. ಹಾಲು ಕೊಡೋಕೆ ಮುಂಚೆ ಮಾಡಿ, ಕೊಟ್ಟ ಮೇಲೆ ಮಾಡಿದರೆ ಹೊಟ್ಟೆಯಲ್ಲಿದ್ದದ್ದೆಲ್ಲ ಹೊರಗೆ.

(ಇಲ್ಲಿ ಓದೋರಿಗೆ ಗೊಂದಲ ಆಗದಿರಲಿ: ಕಫ ಬೇರೆ, ಕಫ್ ಬೇರೆ. ಕಫ್ ಅಂದರೆ ಕೆಲವು ಟ್ಯೂಬುಗಳ ಸುತ್ತ ಉಬ್ಬುವ ಬಲೂನು. ಬೈವೋನಾ ಟಿಟಿಎಸ್ ಅನ್ನೋ ಟ್ಯೂಬಿನ ಕಫ್‌ಗೆ ಸ್ಟೆರೈಲ್ ನೀರು, ಗಾಳಿ ಅಲ್ಲ. ಈ ಮಗುವಿಗೆ ಅದಿಲ್ಲ.)

ಕೊಪ್ಪ_ರಸ್ತೆ
ಟ್ಯೂಬು ಬಂದೇ ಬಿಟ್ಟರೆ, ಅಥವಾ ಕಟ್ಟಿಕೊಂಡರೆ?

ಪಿಐಸಿಯು_ರಾತ್ರಿಪಾಳಿ
ಮಗು ನೀಲಿಯಾಗ್ತಿದೆ, ಅಲಾರಂ ಕೂಗ್ತಿದೆ ಅಂದಾಗ ಯಂತ್ರದ ಮುಂದೆ ನಿಂತು ಗುಂಡಿ ಒತ್ತುತ್ತಾ ಕೂರಬೇಡಿ. ಸರ್ಕ್ಯೂಟ್ ಬಿಚ್ಚಿ ಅಂಬು ಬ್ಯಾಗನ್ನ (ಕೈಯಲ್ಲಿ ಒತ್ತಿ ಉಸಿರು ಕೊಡುವ ಚೀಲ) ಟ್ಯೂಬಿಗೆ ಹಾಕಿ ಒತ್ತಿ. ಎದೆ ಏರಿತು, ಬಣ್ಣ ಬಂತು ಅಂದರೆ ತೊಂದರೆ ಯಂತ್ರದ್ದು. ಮಗುವನ್ನ ಬ್ಯಾಗಿನಲ್ಲೇ ಇಟ್ಟು ಇನ್ನೊಬ್ಬರು ಪೈಪು ನೋಡಲಿ. ವೇಗ ಎರಡು ಮೂರು ಸೆಕೆಂಡಿಗೊಂದು ಉಸಿರು, ಎದೆ ಅಷ್ಟೇ ಅಷ್ಟು ಏರುವಷ್ಟು.

ಎದೆ ಏರಲಿಲ್ಲ, ಬ್ಯಾಗು ಕಲ್ಲಿನ ಹಾಗಿದೆ ಅಂದರೆ ಟ್ಯೂಬು ಕಟ್ಟಿದೆ. ಒಂದೇ ಒಂದು ಸಲ ಸಕ್ಷನ್. ಕ್ಯಾತಿಟರ್ ಇಳಿಯಲಿಲ್ಲವೋ, ಯೋಚನೆ ಬೇಡ, ಪಟ್ಟಿ ಕತ್ತರಿಸಿ ಟ್ಯೂಬು ತೆಗೆದು ಹೊಸದು ಹಾಕಿ. ಒಳಗಿರುವ ಕಟ್ಟಿದ ಟ್ಯೂಬಿಗಿಂತ ಖಾಲಿ ತೂತೇ ಮೇಲು.

ಹಾಕೋ ಕ್ರಮ (ಟ್ಯೂಬು ತಾನಾಗೇ ಬಂದಿದ್ದರೂ ಇದೇ): ಭುಜದ ಕೆಳಗೆ ಸುತ್ತಿದ ಟವೆಲ್ಲು, ಕುತ್ತಿಗೆ ತೆರೆದುಕೊಳ್ಳಲಿ. ಆಬ್ಚುರೇಟರ್ (ಟ್ಯೂಬು ಒಳಗೆ ಹೋಗೋಕೆ ದಾರಿ ತೋರುವ ಕಡ್ಡಿ) ಒಳಗಿರುವ ಹೊಸ 3.5 ಟ್ಯೂಬಿನ ತುದಿಗೆ ನೀರಿನಂಶದ ಜೆಲ್ಲಿ, ವ್ಯಾಸಲೀನ್ ಅಲ್ಲ. ಮೊದಲು ಹಿಂದಕ್ಕೆ, ಆಮೇಲೆ ಟ್ಯೂಬಿನ ಬಾಗನ್ನ ಅನುಸರಿಸಿ ಕೆಳಕ್ಕೆ. ಒಳಗೆ ಹೋದ ತಕ್ಷಣ ಆಬ್ಚುರೇಟರ್ ಹೊರಗೆ. ಅದು ಒಳಗಿದ್ದಷ್ಟು ಹೊತ್ತು ಮಗುವಿಗೆ ಗಾಳಿ ಇಲ್ಲ. ಬ್ಯಾಗು ಹಾಕಿ ಎರಡೂ ಕಡೆ ಎದೆ ಏರುತ್ತಾ ನೋಡಿ. ಗಂಟು ಹಾಕೋವರೆಗೂ ಒಂದು ಕೈ ಟ್ಯೂಬಿನ ರೆಕ್ಕೆಯ ಮೇಲಿರಬೇಕು. ಸಲೀಸಾಗಿ ಹೋಗದಿದ್ದರೆ ಒತ್ತಬೇಡಿ, ಒಂದು ಸೈಜು ಕಡಿಮೆ 3.0 ಹಾಕಿ. ಅದೂ ಹೋಗದಿದ್ದರೆ ಸಕ್ಷನ್ ಕ್ಯಾತಿಟರನ್ನ ಟ್ಯೂಬಿನೊಳಗೆ ಪೋಣಿಸಿ, ಮೊದಲು ಕ್ಯಾತಿಟರ್ ತೂತಿಗೆ, ಅದರ ಮೇಲೆ ಟ್ಯೂಬು ಜಾರಿಸಿ. ಯಾವುದೂ ಆಗದಿದ್ದರೆ ಕುತ್ತಿಗೆಯ ತೂತು ಬೆರಳಲ್ಲಿ ಮುಚ್ಚಿ, ಬಾಯಿ ಮೂಗಿಗೆ ಮಾಸ್ಕ್ ಇಟ್ಟು ಬ್ಯಾಗು ಒತ್ತಿ. ಮೇಲಿನ ದಾರಿ ತೆರೆದಿದೆಯಾ ಇಲ್ಲವಾ ಅಂತ ಡಿಸ್ಚಾರ್ಜಿಗೆ ಮುಂಚೆ ಇಎನ್‌ಟಿ ಡಾಕ್ಟರ ಬಾಯಲ್ಲಿ ಕೇಳಿರಬೇಕು. ನಾಡಿ ಇಲ್ಲದಿದ್ದರೆ ಎದೆ ಒತ್ತುವಿಕೆ ನಿಮಿಷಕ್ಕೆ 100–120, ಒಬ್ಬರೇ ಇದ್ದರೆ 30ಕ್ಕೆ 2 ಉಸಿರು, ಇಬ್ಬರಿದ್ದರೆ 15ಕ್ಕೆ 2.

108ಕ್ಕೆ ಮಾಡುವಾಗ ‘ಮಗುವಿಗೆ ಉಸಿರಾಟದ ತೊಂದರೆ’ ಅನ್ನಬೇಡಿ. ‘ಟ್ರೇಕಿಯಾಸ್ಟಮಿ ಇರುವ, ವೆಂಟಿಲೇಟರ್ ಮೇಲಿರುವ 9 ತಿಂಗಳ ಮಗು, ಎಎಲ್‌ಎಸ್ ಗಾಡಿ ಬೇಕು’ ಅನ್ನಿ. ಅಂದರೆ ಹೆಚ್ಚಿನ ಜೀವರಕ್ಷಕ ಸಲಕರಣೆ ಇರುವ ಆಂಬುಲೆನ್ಸ್. ನಿಮ್ಮ ವೆಂಟಿಲೇಟರನ್ನೂ ಸರ್ಕ್ಯೂಟನ್ನೂ ಜೊತೆಗೇ ಗಾಡಿಗೆ ಹಾಕಿ.

ಹಗಲುರಾತ್ರಿ_ಆರೈಕೆ
ತುರ್ತು ಚೀಲ ತೊಟ್ಟಿಲಿಗೇ ನೇತು ಹಾಕಿ, ಬೀರುವಿನಲ್ಲಿ ಅಲ್ಲ. 3.5 ಒಂದು, 3.0 ಒಂದು (ಎರಡಕ್ಕೂ ಆಬ್ಚುರೇಟರ್), ಒಂದು ಬದಿಗೆ ಪಟ್ಟಿ ಪೋಣಿಸಿಯೇ ಇಟ್ಟಿರಿ. ಮೊಂಡು ತುದಿಯ ಕತ್ತರಿ, ಜೆಲ್ಲಿ, ಕ್ಯಾತಿಟರ್‌ಗಳು, ಮಾಸ್ಕ್ ಸಮೇತ ಅಂಬು ಬ್ಯಾಗ್, ಎಚ್‌ಎಂಇ, ಸಣ್ಣ ಟವೆಲ್ಲು, ಬ್ಯಾಟರಿ ಸಕ್ಷನ್ ಮೆಷಿನ್. ಕರೆಂಟಿನ ಸಕ್ಷನ್ ಒಂದೇ ಇದ್ದರೆ ಸಾಲದು, ಕಾಲಲ್ಲಿ ಒತ್ತುವ ಸಕ್ಷನ್ ಪಂಪಾದರೂ ಇರಲಿ. ಯಾರಾದರೂ ಚೀಲದಿಂದ ಏನಾದರೂ ತೆಗೆದರೆ ಅದೇ ದಿನ ತುಂಬಬೇಕು. ಸಾಮಾನ್ಯವಾಗಿ ಖಾಲಿಯಾಗಿರೋದು 3.0.

ವಾರದ ಟ್ಯೂಬ್ ಬದಲಾವಣೆ ಇಬ್ಬರಿದ್ದಾಗ ಮಾತ್ರ, ಹಾಲು ಕೊಟ್ಟು ಎರಡು ಗಂಟೆ ಆದಮೇಲೆ. ಕುತ್ತಿಗೆ ಕೆಳಗಿಡುವ ಗಾಜ್‌ ಬಟ್ಟೆಯನ್ನ ಮನೆಯಲ್ಲಿ ಕತ್ತರಿಸಬೇಡಿ, ನೂಲಿನ ಎಳೆ ಟ್ಯೂಬಿನೊಳಗೆ ಹೋಗುತ್ತೆ. ಸೀಳಿಯೇ ಬರುವ ಡ್ರೆಸ್ಸಿಂಗ್ ತರಿಸಿ.

ಮನೆಯ ಬಗ್ಗೆ ಒಂದೆರಡು. ಈ ಮಗುವಿಗೆ ಗಾಳಿ ಮೂಗಿನಲ್ಲಿ ಸೋಸಿ ಹೋಗಲ್ಲ. ಬಚ್ಚಲ ಒಲೆಯ ಹೊಗೆ, ಒಣಮೆಣಸಿನ ಒಗ್ಗರಣೆ, ಊದುಬತ್ತಿ, ಸೊಳ್ಳೆ ಕಾಯಿಲ್, ಎಲ್ಲಾ ನೇರ ಎದೆಗೆ. ಸ್ನಾನ ಆದಮೇಲೆ ಲೋಬಾನದ ಹೊಗೆ ಹಿಡಿಯೋದು, ಕುತ್ತಿಗೆಗೆ ಪೌಡರ್ ಹಾಕೋದು ಎರಡೂ ಬೇಡ. ಆಕ್ಸಿಜನ್ ಓಡ್ತಿರುವ ಕೋಣೆಯಲ್ಲಿ ದೀಪವೂ ಬೇಡ. ಎಣ್ಣೆ ತಿಕ್ಕೋದಿದ್ದರೆ ಕೈಕಾಲಿಗೆ ಮಾತ್ರ ತೆಳ್ಳಗೆ, ಎದೆಯಿಂದ ಮೇಲೆ ಬೇಡ. ಸ್ನಾನ ಅಂದರೆ ಒದ್ದೆ ಬಟ್ಟೆಯಲ್ಲಿ ಒರೆಸೋದು. ಮಳೆಗಾಲದಲ್ಲಿ ವೆಂಟಿಲೇಟರಿನ ಹಿಂದಿನ ಗಾಳಿ ಫಿಲ್ಟರಿಗೆ ಬೂಷ್ಟು ಬರುತ್ತೆ, ವಾರಕ್ಕೊಮ್ಮೆ ತೆಗೆದು ನೋಡಿ. ಒದ್ದೆ ಫಿಲ್ಟರ್ ಹಾಕಬೇಡಿ. ಫ್ಲೂ ಲಸಿಕೆ ಮಗುವಿಗೆ ಹಾಕಿಸುವ ಮೊದಲ ವರ್ಷ ನಾಲ್ಕು ವಾರದ ಅಂತರದಲ್ಲಿ ಎರಡು ಡೋಸ್, ಮನೆಯವರಿಗೂ ಹಾಕಿಸಿ.

ಆರ್‌ಟಿ_ಕರಾವಳಿ
ಎಸ್‌ಎಂಎ ಔಷಧಿಯ ನೆರವಿಗೆ 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿ ಇದೆ, 50 ಲಕ್ಷದವರೆಗೆ. ಅದಕ್ಕೆ ಬೆಂಗಳೂರಿನಲ್ಲಿ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಒಟ್ಟಾಗಿ ನಡೆಸುವ ಕೇಂದ್ರ ಇದೆ. ಹೆಸರು ನೋಂದಾಯಿಸಿಲ್ಲದಿದ್ದರೆ ಡಿಸ್ಚಾರ್ಜಿಗೆ ಮುಂಚೆ ಮಾಡಿಸಿ.

ಕೊಪ್ಪ_ರಸ್ತೆ
ಎಲ್ಲಾ ಬರೆದಿಟ್ಟುಕೊಂಡೆ. ನಾಳೆ ಆ ಟ್ಯೂಬಿನ ಅಲಾರಂ ಪರೀಕ್ಷೆ ಕೇಳ್ತೀನಿ. ಕೊನೆಗೊಂದು, ನಗಬೇಡಿ. ಅಜ್ಜಿ ಕುತ್ತಿಗೆಗೆ ದೃಷ್ಟಿ ದಾರ ಕಟ್ಟಲೇಬೇಕು ಅಂತಿದಾರೆ.

ಹಗಲುರಾತ್ರಿ_ಆರೈಕೆ
ನಗೋದೇನಿದೆ, ಎಲ್ಲಾ ಮನೆಯಲ್ಲೂ ಇದೆ. ಕುತ್ತಿಗೆಗೆ ಬೇಡ. ಅವಸರದಲ್ಲಿ ಪಟ್ಟಿ ಅಂತ ದಾರ ಕತ್ತರಿಸ್ತೀರಿ, ಪಟ್ಟಿ ಹಾಗೇ ಉಳಿಯುತ್ತೆ. ಕಾಲಿಗೆ ಕಟ್ಟಿ, ಸಡಿಲವಾಗಿ. ಆಕ್ಸಿಮೀಟರ್ ಪ್ರೋಬ್ ಬದಲಿಸುವಾಗ ದಾರ ಇರುವ ಕಾಲಿಗೆ ಬಂದರೆ ದಾರವನ್ನ ಇನ್ನೊಂದಕ್ಕೆ ಹಾಕಿ.